ಮೋಸ ಹೋಗದವರು

ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದ್ದ ಇನ್ಸುಲಿನ್ ನಕಲಿಯೆಂದು ಶ್ರೀಪಾದಯ್ಯನವರಿಗೆ ನಿನ್ನೆಯೇ ತಿಳಿದಿತ್ತು. ಅನುಮಾನ ಬಂದು ಕಂಪನಿಗೆ ಫೋನು ಮಾಡಿದ್ದರು. "ಅದು ನಮ್ಮ ಮಾಲಲ್ಲ ಸಾರ್" ಎಂದಿದ್ದರು ಅಲ್ಲಿಯವರು.

ಡಾಕ್ಟರು ಅವರ ಕಾಲಿನ ಕಪ್ಪಿಟ್ಟ ಹೆಬ್ಬೆರಳನ್ನು ಒತ್ತಿ ನೋಡಿದರು. "ಶುಗರ್ ಯಾಕಿಷ್ಟು ಏರಿದೆ? ಔಷಧಿ ಖೋಟಾ ಇದ್ರೆ ಈಗಲೇ ಹೇಳಿ, ಬದಲಾಯಿಸಿ ಬೆರಳು ಉಳಿಸಬಹುದು."

ಹೆಂಡತಿ ನಕ್ಕುಬಿಟ್ಟರು. "ಇವರಿಗಾ ಡಾಕ್ಟ್ರೇ? ನನ್ನ ತಮ್ಮ ಆನ್‌ಲೈನಲ್ಲಿ ಮೋಸ ಹೋದಾಗ ನೆಂಟರ ಮುಂದೆಲ್ಲ ಪೆದ್ದ ಅಂತ ಆಡಿಕೊಂಡೋರು. ಇವರಿಗೆ ಯಾರು ಟೋಪಿ ಹಾಕ್ತಾರೆ?"

"ಹಾಗಾದ್ರೆ ಬಾಯಿ ಕಟ್ಟಿಲ್ಲ."

"ಅಯ್ಯೋ, ಮನೇಲಿ ಚೂರು ಬೆಲ್ಲಾನೂ ಇಟ್ಟಿಲ್ಲ ನಾನು!"

ಇಬ್ಬರೂ ಅವರತ್ತ ತಿರುಗಿದರು. ಶ್ರೀಪಾದಯ್ಯ ತಲೆ ತಗ್ಗಿಸಿದರು.

"ಪೇಟೆಗೆ ಹೋದಾಗಲೆಲ್ಲ ಕದ್ದು ಜಿಲೇಬಿ ತಿಂತಿದ್ದೆ ಕಣೇ."