ಬಾಯಾರಿದ ಮೀನು

ನಗರಸಭೆಯ ಮೆಂಬರ್ ಸಾಹೇಬರು ರಿಬ್ಬನ್ ಕತ್ತರಿಸಿ, ಮೈಕಿನವನಿಗೆ ಸುಮ್ಮನಿರು ಎಂದು ಸನ್ನೆ ಮಾಡಿ, ಕಾರಂಜಿಯ ಗುಂಡಿ ಒತ್ತಿದರು. ಬೀದಿಯ ನಡುವಿನ ಹೊಸ ಕಟ್ಟೆಯ ಮೇಲೆ ಬಾಲ ಊರಿ, ಆಕಾಶಕ್ಕೆ ಬಾಯಿ ತೆರೆದು ನಿಂತಿದ್ದ ಸಿಮೆಂಟಿನ ಮೀನು ಈಗ ನೀರು ಚಿಮ್ಮಿಸಬೇಕಿತ್ತು. ಚಿಮ್ಮಿಸಲಿಲ್ಲ. ಖಾಲಿ ಹೊಟ್ಟೆಯಲ್ಲೇ ಒಂದು ಸಲ ತೇಗಿ ತೆಪ್ಪಗಾಯಿತು.

ಖಾಲಿ ಕೊಡ, ಸೌಟು ಹಿಡಿದು ಎದುರಿಗೇ ತನ್ನ ಅಂಗಡಿ ಮುಂದೆ ನಿಂತಿದ್ದ ಲಾಂಡ್ರಿಯಾಕೆ ಇಂಥದ್ದೊಂದು ಗಳಿಗೆಗೇ ಕಾದಿದ್ದಳು. ಎರಡನೇ ಮಹಡಿಯ ಅವಳ ಮನೆಗೆ ನೀರು ಹತ್ತದೆ ಎಷ್ಟೋ ಕಾಲವಾಗಿತ್ತು. ಕೆಳಗಿನ ಅಂಗಡಿಯ ನಲ್ಲಿಗೆ ಕೆಮ್ಮುವುದೊಂದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ. ಟ್ಯಾಂಕರಿನ ನೀರು ಕೊಂಡು ಊರವರ ಬಟ್ಟೆ ಒಗೆದು ಬದುಕುವುದು ಆಗಹೋಗದ ಮಾತು. ಈ ತಿಂಗಳು ಕಳೆದರೆ ಅಂಗಡಿ ಮುಚ್ಚುವುದೇ ಸೈ ಎಂದು ಅತ್ತೆ ಸೊಸೆ ಕೂತು ಅತ್ತು ತೀರ್ಮಾನಿಸಿದ್ದರು. ಅಷ್ಟರಲ್ಲಿ ನಗರಸಭೆಯವರು ಬಂದು ಬೀದಿ ಅಗೆದರು. ನೀರಿನ ಪೈಪಿಗೇ ಇರಬೇಕೆಂದು ಬೀದಿಯವರೆಲ್ಲ ಹಿರಿಹಿರಿ ಹಿಗ್ಗಿದ್ದೇ ಬಂತು. ಬಂದದ್ದು ಮೀನು.

“ಸಾಹೇಬ್ರೇ, ನಿಮ್ಮ ಮೀನಿಗೂ ನಮ್ಮ ಗತೀನೇ ಆಯ್ತಲ್ಲ!” ಎಂದು ಅವಳು ಕೊಡದ ಮೇಲೆ ಸೌಟು ಬಡಿದಳು. ಜನ ಹೋ ಎಂದು ನಕ್ಕರು. ಸಾಹೇಬರ ಮುಖ ಹುಳ್ಳಗಾಯಿತು.

ಆಗಲೇ ಮೇಲಿನ ಬಾಲ್ಕನಿಯಿಂದ ಅವಳ ಅತ್ತೆಯ ಕೂಗು ಕೇಳಿಸಿತು. “ಏ ಹುಡುಗಿ! ನೀರು! ನೀರು ಬಂತು ಕಣೇ!”

“ತಮಾಷೆಗೆ ಇದಾ ಹೊತ್ತು? ಒಳಗೆ ಹೋಗಿ ಅತ್ತೆ, ಜನ ನೋಡ್ತಿದಾರೆ.”

ಅತ್ತೆ ಒಳಗೆ ಹೋದರು. ಹೋದವರು ತುಂಬಿದ ಚೊಂಬಿನೊಂದಿಗೆ ಬಾಲ್ಕನಿಗೆ ಬಂದು, ಕೆಳಗೆ ನಿಂತಿದ್ದ ಸೊಸೆಯ ನೆತ್ತಿಯ ಮೇಲೆ ಸುರಿದರು. ಲಾಂಡ್ರಿಯಾಕೆ ಬಾಯಿಗಿಳಿದ ನೀರನ್ನು ಚಪ್ಪರಿಸಿ ನೋಡಿದಳು. ನಿಜವಾದ ನೀರೇ!

ಆ ಬೀದಿಯಲ್ಲಿ ನಲ್ಲಿ ಮುಚ್ಚುವ ರೂಢಿಯೇ ಇರಲಿಲ್ಲ. ನೀರು ಯಾವಾಗ ಬಂದೀತೆಂದು ಗೊತ್ತಿಲ್ಲದ ಮೇಲೆ ಮುಚ್ಚಿ ಮಾಡುವುದೇನು? ತೆರೆದ ನಲ್ಲಿ, ಅದರಡಿ ಒಂದು ತಗಡಿನ ಬಕೆಟ್, ಸದ್ದಾದರೆ ಓಡಬೇಕು. ಈಗ ಆ ಸದ್ದು ಶುರುವಾಯಿತು. ಮೊದಲು ದರ್ಜಿಯ ಮನೆಯಲ್ಲಿ, ಆಮೇಲೆ ಬಡಗಿಯ ಮನೆಯಲ್ಲಿ, ಆಮೇಲೆ ಬೀದಿಗೆ ಬೀದಿಯೇ ದಬದಬನೆ ತಗಡು ಬಾರಿಸತೊಡಗಿತು. ಭಾಷಣ ಕೇಳಲು ಕೂತಿದ್ದವರು ಎದ್ದೆವೋ ಬಿದ್ದೆವೋ ಎಂದು ಮನೆಗೋಡಿದರು. ಖಾಲಿ ಕುರ್ಚಿಗಳ ಮುಂದೆ ಕತ್ತರಿ ಹಿಡಿದ ಸಾಹೇಬರೂ ಅವರ ಕೆಲಸದವರೂ ಪೇಪರಿನ ಫೋಟೋದವನೂ ಮಾತ್ರ ಉಳಿದರು.

ಲಾಂಡ್ರಿಯಾಕೆಯೂ ಮೆಟ್ಟಿಲಿನ ತನಕ ಓಡಿದ್ದಳು. ಬೆನ್ನ ಹಿಂದೆ ಪೈಪಿನ ಮೇಸ್ತ್ರಿ ಗೊಣಗಿದ್ದು ಕೇಳಿ ಕಾಲು ನಿಂತಿತು.

“ಸಾರ್... ನೆಲದೊಳಗೆ ಎರಡು ಪೈಪ್ ಇದ್ವು. ಅವಸರದಲ್ಲಿ ಕಾರಂಜಿ ಪಂಪನ್ನ ಮನೆಗಳ ಪೈಪಿಗೆ ಸೇರಿಸ್ಬಿಟ್ಟಿದೀವಿ.”

“ಹಾಗಾದ್ರೆ ಈಗಲೇ ಅಗೆದು ಬಿಚ್ಚಯ್ಯ! ನಾಳೆ ಪೇಪರಿನಲ್ಲಿ ಒಣಗಿದ ಮೀನಿನ ಪಕ್ಕ ನನ್ನ ಮುಖ ಬರ್ಬೇಕಾ?”

ಮೇಸ್ತ್ರಿ ಗುದ್ದಲಿ ಎತ್ತಿದ. ಮೇಲೆ ಅತ್ತೆ ಸಂತೋಷಕ್ಕೆ ಮನೆಯ ಪಾತ್ರೆಗಳನ್ನೆಲ್ಲ ಎಳೆದು ಹಾಕುತ್ತಿರುವುದು ಕೇಳಿಸುತ್ತಿತ್ತು. ಲಾಂಡ್ರಿಯಾಕೆ ಒಂದೇ ಉಸಿರಿಗೆ ಹಿಂದಕ್ಕೆ ಓಡಿ ಬಂದು ಗುದ್ದಲಿಗೆ ಅಡ್ಡ ನಿಂತಳು.

“ಸಾಹೇಬ್ರೇ, ನಿಮಗೆ ಬೇಕಾಗಿರೋದು ಫೋಟೋ ತಾನೇ?”

“ಹೂಂ. ನೀರು ಚಿಮ್ತಿರೋ ಫೋಟೋ.”

“ಚಿಮ್ಮಿಸೋ ಜವಾಬ್ದಾರಿ ನಂದು. ಇವರಿಗೆ ನೆಲ ಮುಟ್ಬೇಡಿ ಅನ್ನಿ.”

ಸಾಹೇಬರು ಮೈಕಿನವನ ಮುಖ ನೋಡಿದರು, ಮೇಸ್ತ್ರಿಯ ಮುಖ ನೋಡಿದರು. ಬೇರೆ ದಾರಿ ಯಾರ ಮುಖದಲ್ಲೂ ಕಾಣಲಿಲ್ಲ. “ಮಾಡಮ್ಮ” ಎಂದರು.

ಅಂಗಡಿಯ ಇಸ್ತ್ರಿ ಮೇಜು ಮೀನಿನ ಬೆನ್ನ ಹಿಂದಕ್ಕೆ ಬಂತು. ಲಾಂಡ್ರಿಯಾಕೆ ಅದರ ಮೇಲೆ ಹತ್ತಿ ಮೀನಿನ ಮರೆಯಲ್ಲಿ ಕುಕ್ಕರಗಾಲಿನಲ್ಲಿ ಕೂತು, ಬೀದಿಯವರನ್ನೆಲ್ಲ ಕೂಗಿ ಕರೆದು ವಿಷಯ ತಿಳಿಸಿದಳು. ಕೇಳಿದ್ದೇ ತಡ, ದರ್ಜಿ ಬಂದ, ಬಡಗಿಯ ಹೆಂಡತಿ ಬಂದಳು, ಅತ್ತೆಯೂ ಸೆರಗು ಬಿಗಿದು ಇಳಿದು ಬಂದರು. ಇಷ್ಟು ವರ್ಷ ಬಕೆಟ್ ತುಂಬಿಸಲು ಸಾಲು ನಿಂತು ಜಗಳವಾಡಿದ ಜನ ಇವತ್ತು ಸುರಿಯಲು ಸಾಲು ನಿಂತರು. ಕೈಯಿಂದ ಕೈಗೆ ಬಂದ ಬಕೆಟಿನ ನೀರನ್ನು ಲಾಂಡ್ರಿಯಾಕೆ ಮೀನಿನ ತಲೆಯ ಮೇಲಿನಿಂದ ರಪ್ಪನೆ ಎರಚಿದಳು. ಬಿಸಿಲಿಗೆ ನೀರು ಫಳಫಳ ಹೊಳೆಯಿತು.

“ಸೂಪರ್ ಸಾರ್! ಇನ್ನೂ ಸ್ವಲ್ಪ ಎತ್ತರ!” ಎಂದು ಫೋಟೋದವನು ನೆಲದ ಮೇಲೆ ಮಲಗಿಯೇ ಬಿಟ್ಟ.

ಎರಡನೆಯ ಬಕೆಟ್ ಗುರಿ ತಪ್ಪಿ ಸಾಹೇಬರ ಬೋಳು ತಲೆಯನ್ನೇ ಹುಡುಕಿಕೊಂಡು ಹೋಯಿತು. ಬೀದಿ ಉಸಿರು ಬಿಗಿಹಿಡಿಯಿತು. ಸಾಹೇಬರು ಕಣ್ಣು ಪಿಳಿಪಿಳಿ ಬಿಟ್ಟರು, ಮೂಗಿನ ತುದಿಯ ಹನಿ ಒರೆಸಿಕೊಂಡರು, ಆಮೇಲೆ ತಡೆಯಲಾರದೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. “ಇನ್ನೊಂದು ಹಾಕಮ್ಮ!” ಎಂದರು. ಆಮೇಲೆ ಯಾರು ಯಾರಿಗೆ ಎರಚಿದರೋ ಲೆಕ್ಕವಿಲ್ಲ. ಅತ್ತೆಯಂತೂ ಮೇಸ್ತ್ರಿಯನ್ನು ಅಟ್ಟಿಸಿಕೊಂಡು ಹೋಗಿ, “ನಿನ್ನ ಅವಸರಕ್ಕೆ ನೂರು ವರ್ಷ ಆಯಸ್ಸಿರಲಿ ಮಗನೇ!” ಎಂದು ಚೊಂಬು ತುಂಬ ಸುರಿದರು.

ಹೊರಡುವಾಗ ಸಾಹೇಬರು ಒದ್ದೆ ಅಂಗಿ ಹಿಂಡಿಕೊಳ್ಳುತ್ತ ಲಾಂಡ್ರಿಯಾಕೆಯ ಹತ್ತಿರ ಬಂದು ದನಿ ತಗ್ಗಿಸಿದರು.

“ಫೋಟೋ ಏನೋ ಆಯ್ತಮ್ಮ. ನಾಳೆ ಅಧ್ಯಕ್ಷರೇ ಕಾರಂಜಿ ನೋಡ್ತೀನಿ ಅಂತ ಬಂದ್ಬಿಟ್ರೆ?”

“ಬರ್ಲಿ ಬಿಡಿ ಸಾಹೇಬ್ರೇ” ಎಂದಳು ಅವಳು, ಮೇಜನ್ನು ಮೀನಿನ ಹಿಂದಿನಿಂದ ತೆಗೆಯದೆ ಅಲ್ಲೇ ಸರಿಯಾಗಿ ಊರುತ್ತ. “ಬರೋ ಮುಂಚೆ ಒಂದು ಮಾತು ಹೇಳಿ ಕಳಿಸಿ, ಅಷ್ಟು ಸಾಕು. ನಮ್ಮ ಮನೆಗಳಲ್ಲಿ ನೀರಿಗೇನು ಬರವಾ?”