ಟೋಬಿಯಾಸನ ನಾಲ್ಕು ಬೆರಳು

"ಮಿಸ್, ಇವನ ಕೈ ತಪ್ಪಾಗಿದೆ! ನಾಲ್ಕೇ ಬೆರಳು!"

ಲೈಬ್ರರಿಯ ಪರದೆಯ ಮೇಲೆ ಪೈನ್ ಮರಗಳನ್ನು ಹುಲ್ಲಿನಂತೆ ಕೀಳುತ್ತಿದ್ದ ದೈತ್ಯ ಟೋಬಿಯಾಸನನ್ನು ತೋರಿಸಿ ಏಳು ವರ್ಷದ ಡೆಲ್ಲಾ ಕೂಗಿದಳು. ಕಾರ್ಟೂನ್ ಮಾಡಿದ ಮಾರ್ಗೊಳ ಮುಖ ಬಿಸಿಯಾಯಿತು. ಸಾವಿರಾರು ಚಿತ್ರ ಬರೆಯುವಾಗ ಕೆಲಸ ಕಡಿಮೆಯಾಗಲೆಂದು ಒಂದು ಬೆರಳು ಬಿಡುವುದು ಅವಳ ಕಸುಬಿನ ರೂಢಿ. ಆದರೆ ಇದು ಅಮೆರಿಕದ ಮೇಯ್ನ್ ರಾಜ್ಯದ ಮರ ಕಡಿಯುವವರ ಊರು. ಟೋಬಿಯಾಸ್ ಇವರ ದಂತಕಥೆಯ ವೀರ. ಆ ಕಥೆಯನ್ನು ಅವಳಿಗೆ ಹೇಳಿದ ಓರ್ವಿಲ್ ತಾತ ಮೊದಲ ಸಾಲಿನಲ್ಲೇ ಕೂತಿದ್ದ, ಇಷ್ಟು ಹೊತ್ತೂ ಒಮ್ಮೆಯೂ ನಗದೆ.

ತಾತ ಎದ್ದು ಎಡಗೈ ಎತ್ತಿದ. ಅದರಲ್ಲಿ ಕಿರುಬೆರಳಿರಲಿಲ್ಲ. "ತಪ್ಪಾ? ನಲವತ್ತು ವರ್ಷ ಗರಗಸ ಎಳೆದೋರ ಕೈ ಹೀಗೇ ಇರೋದು ಕಣೇ. ಈ ಹುಡುಗಿ ನಮ್ಮನ್ನ ನೋಡಿ ಬರೆದಿದ್ದಾಳೆ." ನಿಜ ಹೇಳಲು ಬಾಯಿ ತೆರೆದಿದ್ದ ಮಾರ್ಗೊ ಹೌದೆಂದು ತಲೆಯಾಡಿಸಿಬಿಟ್ಟಳು.

ಅಷ್ಟರಲ್ಲಿ ಪರದೆಯ ಮೇಲೆ ಟೋಬಿಯಾಸನ ತಾಯಿ ಬಂದಳು. ಡೆಲ್ಲಾ ಬಿಡಲಿಲ್ಲ. "ಅವನಮ್ಮ ಗರಗಸ ಮುಟ್ಟೇ ಇಲ್ವಲ್ಲ ತಾತ, ಅವಳಿಗೂ ನಾಲ್ಕೇ!"

ತಾತ ಪರದೆಯನ್ನೊಮ್ಮೆ, ಉಸಿರು ಬಿಗಿಹಿಡಿದಿದ್ದ ಮಾರ್ಗೊಳನ್ನೊಮ್ಮೆ ನೋಡಿದ. ಅವನ ಮೀಸೆಯಡಿ ಮೊದಲ ಬಾರಿ ನಗು ಮೂಡಿತು.

"ಅಂಥ ಮಗಂಗೆ ತುತ್ತು ತಿನ್ನಿಸಿದೋಳಲ್ವಾ? ಒಂದೇ ಬೆರಳು ಹೋಗಿದ್ದು ಪುಣ್ಯ!"