ಎಣ್ಣೆ ತೆಗೆದ ಬಜೆ

ಮಹಾಂತಮ್ಮ ಸಾಣೆಕಲ್ಲನ್ನು ನೆಲದ ಮೇಲೆ ಗರ್ರೆಂದು ಎಳೆದುಕೊಂಡು ಅಡುಗೆಮನೆ ಬಾಗಿಲಲ್ಲಿ ಕಾಲು ಚಾಚಿ ಕೂತರು. "ಎಲ್ಲಿ, ಕೊಡೇ ನಿನ್ನ ಕಾಲೇಜಿನ ಬಜೆ. ಈ ಸಲ ಆದ್ರೂ ನನ್ನ ಮೊಮ್ಮಗನ ನಾಲಿಗೆ ಹೊರಳುತ್ತೋ ನೋಡೋಣ."

ಶಾಂಭವಿ ಬ್ಯಾಗಿನಿಂದ ಪೊಟ್ಟಣ ತೆಗೆದು ಕೊಟ್ಟಳು. ಕಾಗದ ಅವಳ ಬೆರಳಿನ ಬೆವರಿಗೆ ಒದ್ದೆಯಾಗಿತ್ತು. ನ್ಯೂ ಟೌನಿನ ಈ ಕ್ವಾರ್ಟರ್ಸು ಅಕ್ಕ ದಾಕ್ಷಾಯಿಣಿಯ ಗಂಡನ ಮನೆ. ಮಹಾಂತಮ್ಮ ಅಕ್ಕನ ಅತ್ತೆ. ಬೀದಿಯ ಬಾಣಂತಿಯರೆಲ್ಲ ಕೂಸುಗಳನ್ನೆತ್ತಿಕೊಂಡು ಇವರ ಹತ್ತಿರವೇ ಬರುತ್ತಿದ್ದರು, ಮಾತು ಬೇಗ ಬರಲಿ ಎಂದು ಬಜೆ ತೇಯಿಸಿ ನೆಕ್ಕಿಸಲು.

"ನಿಂಗೂ ಒಂಚೂರು ನೆಕ್ಕಿಸ್ತೀನಿ ತಡಿ," ಎಂದರು ಮಹಾಂತಮ್ಮ. "ಚಿಕ್ಕೋಳಿದ್ದಾಗ ನಿಮ್ಮಮ್ಮ ಮರೆತ್ರು ಅಂತ ಕಾಣುತ್ತೆ. ಬಂದಾಗಿಂದ ಹೂಂ ಊಹೂಂ ಬಿಟ್ರೆ ಇನ್ನೊಂದು ಮಾತಿಲ್ಲ ಮಾರಾಯ್ತಿ!"

ಒಲೆಯ ಮುಂದಿದ್ದ ದಾಕ್ಷಾಯಿಣಿ ನಕ್ಕಳು. ಶಾಂಭವಿಯೂ ನಕ್ಕಂತೆ ಮಾಡಿ ತಲೆ ತಗ್ಗಿಸಿದಳು. ಹೇಳಬೇಕಾದ ಮಾತು ಇತ್ತು. ಹೊಸಮನೆ ಬಡಾವಣೆಯ ತನ್ನ ಮನೆಯಿಂದ ಹೊರಟಾಗಿನಿಂದ ಬಸ್ಸಿನ ಕಿಟಕಿಗೆ ಹಣೆಯಿಟ್ಟು ಅದನ್ನೇ ಉರು ಹೊಡೆದಿದ್ದಳು: ಅತ್ತೆ, ದಿನಾ ಇದನ್ನ ಕೊಡಬೇಡಿ. ಫಾರ್ಮಸಿ ಕಾಲೇಜಿನಲ್ಲಿ ಅವಳ ಪ್ರಾಜೆಕ್ಟು ಬಜೆಯ ಮೇಲೆಯೇ. ಅದರ ಎಣ್ಣೆಯಲ್ಲಿರುವ ಅಸರೋನ್ ಎಂಬ ಅಂಶ ಎಳೆಯ ಹೊಟ್ಟೆಗೆ ಒಗ್ಗುವಂಥದ್ದಲ್ಲ. ಮೊದಲೆಲ್ಲ ಬೇರನ್ನು ಸುಟ್ಟು ತೇಯುತ್ತಿದ್ದ ಮಹಾಂತಮ್ಮ, ಮೊಮ್ಮಗನಿಗೆ ಮಾತು ಬರಲಿಲ್ಲವೆಂದು ಈಗ ಸುಡದೆಯೇ ತೇಯುತ್ತಿದ್ದರು. ಕಳೆದ ಸಲ ಬಂದಾಗ ಮಗು ನೆಕ್ಕಿದ್ದನ್ನೆಲ್ಲ ಕಕ್ಕಿದ್ದನ್ನು ಶಾಂಭವಿಯೇ ಒರೆಸಿದ್ದಳು. ಆದರೂ ಹೇಳುವ ಬಾಯಿ ಅವಳಿಗಿರಲಿಲ್ಲ. ಬಾಯಿ ಇಲ್ಲದವಳು ಒಂದು ಉಪಾಯ ಮಾಡಿದ್ದಳು: ಲ್ಯಾಬಿನಲ್ಲಿ ಬೇರನ್ನು ಇಡಿಯಾಗಿಯೇ ಕುದಿಸಿ ಕುದಿಸಿ, ಎಣ್ಣೆಯೆಲ್ಲ ಇಳಿದ ಮೇಲೆ ಬಿಸಿಲಲ್ಲಿ ಒಣಗಿಸಿ ತಂದಿದ್ದಳು. ನೋಡಲು ಬಜೆಯೇ, ಒಳಗೆ ಬರೀ ನಾರು. ಬೆಳಿಗ್ಗೆ ಯಾರೂ ಹೇಳದೆಯೇ, ಹಳೇ ಎಣ್ಣೆ ಉಳಿಯದಿರಲೆಂದು, ಸಾಣೆಕಲ್ಲನ್ನೂ ಸೀಗೆಪುಡಿ ಹಾಕಿ ತಿಕ್ಕಿ ತೊಳೆದಿಟ್ಟಿದ್ದಳು.

ಅಕ್ಕನ ಮಗ ಅಭಯ ಹೊಸ್ತಿಲಾಚೆ, ಇವರಿಗೆ ಬೆನ್ನು ಹಾಕಿ, ಸ್ಟೀಲಿನ ಮುಚ್ಚಳವೊಂದನ್ನು ಗಿರ್ರನೆ ತಿರುಗಿಸುತ್ತ ಕೂತಿದ್ದ. ಎರಡು ತುಂಬಿದ್ದರೂ ಅಮ್ಮಾ ಎಂದಿರಲಿಲ್ಲ. ಕಿವಿ ಟೆಸ್ಟ್ ಮಾಡಿಸಿ ಎಂದ ಮಕ್ಕಳ ಡಾಕ್ಟರ ಮಾತಿಗೆ ಮಹಾಂತಮ್ಮ ಅಲ್ಲೇ ನಕ್ಕುಬಿಟ್ಟಿದ್ದರು. "ಇವನ ಕಿವಿಗೇನಾಗಿದೆ ಡಾಕ್ಟ್ರೇ? ನಾನು ಕಲ್ಲಿನ ಮೇಲೆ ಬಜೆ ಉಜ್ಜೋ ಸದ್ದು ಕೇಳಿದ್ರೆ ಸಾಕು, ಓಡಿಹೋಗಿ ಮಂಚದ ಕೆಳಗೆ ಸೇರ್ಕೊಳ್ತಾನೆ, ಕಳ್ಳ!" ಓಡುವುದನ್ನು ಮನೆಯವರೆಲ್ಲ ಕಂಡಿದ್ದರು. ಆಮೇಲೆ ಟೆಸ್ಟಿನ ಸುದ್ದಿ ಯಾರೂ ಎತ್ತಲಿಲ್ಲ.

ಕರ್ ಕರ್ ಎಂದು ಬೇರು ಕಲ್ಲಿನ ಮೇಲೆ ತಿರುಗಿತು. ಅಭಯ ಕದಲಲಿಲ್ಲ.

"ನೋಡಿದ್ಯಾ ದಾಕ್ಷಿ, ಇವತ್ತು ಓಡ್ಲಿಲ್ಲ! ಬುದ್ಧಿ ಬಂತು ನನ್ನ ರಾಜಂಗೆ." ಮಹಾಂತಮ್ಮ ಇನ್ನಷ್ಟು ನೀರು ಚಿಮುಕಿಸಿ ತೇದರು. ಬೆರಳಲ್ಲಿ ತೇದದ್ದನ್ನು ಬಳಿದುಕೊಂಡು ಮೂಗಿನ ಹತ್ತಿರ ತಂದವರು ಹುಬ್ಬು ಗಂಟಿಕ್ಕಿದರು. "ಏನೇ ಇದು? ವಾಸನೇನೇ ಇಲ್ವಲ್ಲ!"

ಶಾಂಭವಿ ಒಂದು ಹೆಜ್ಜೆ ಮುಂದೆ ಬಂದಳು. "ಅತ್ತೆ... ಅದರ ಎಣ್ಣೆ ತೆಗೆದಿದ್ದೀನಿ. ಮಗುಗೆ ಅದು ಒಳ್ಳೇದಲ್ಲ. ನಿಮ್ಮೆದುರಿಗೆ ಹೇಳೋಕೆ ಆಗ್ಲಿಲ್ಲ, ಅದಕ್ಕೆ..."

ಬೈಗುಳಕ್ಕೆ ಕಾದು ನಿಂತಳು. ಬೈಗುಳ ಬರಲಿಲ್ಲ. ಮಹಾಂತಮ್ಮನ ಕಣ್ಣು ಕೈಯಲ್ಲಿದ್ದ ಬೇರಿನಿಂದ ಮೊಮ್ಮಗನ ಬೆನ್ನಿಗೆ ಹೋಗಿ ಅಲ್ಲೇ ನಿಂತಿತ್ತು. ಅವರು ಬೇರನ್ನು ಮತ್ತೆ ಕಲ್ಲಿಗೆ ಒತ್ತಿ ಉಜ್ಜಿದರು. ಜೋರಾಗಿ ಉಜ್ಜಿದರು. ಆಮೇಲೆ ಬೇರನ್ನು ಬಿಸಾಡಿ, ಕಲ್ಲನ್ನೇ ಎರಡೂ ಕೈಯಲ್ಲಿ ಹಿಡಿದು ನೆಲದ ಮೇಲೆ ಗರ್ರೆಂದು ಎಳೆದ ಸದ್ದಿಗೆ ದಾಕ್ಷಾಯಿಣಿ ಸೌಟು ಕೆಳಗೆ ಹಾಕಿದಳು.

ಮುಚ್ಚಳ ತಿರುಗುತ್ತಲೇ ಇತ್ತು.

"ಅಭಯಾ," ಎಂದಳು ದಾಕ್ಷಾಯಿಣಿ. ಅವನು ತಿರುಗಲಿಲ್ಲ.

ಮಹಾಂತಮ್ಮ ಕೈ ಚಾಚಿ ಗೂಡಿನಲ್ಲಿದ್ದ ಡಬ್ಬಿ ತೆಗೆದರು. ಅದರಲ್ಲಿದ್ದ ಹಳೇ ಬಜೆಯನ್ನು ಉಗುರಿನಿಂದ ಕೆರೆದು ಹೊಸ್ತಿಲ ಮೇಲೆ ಹಿಡಿದರು. ಎಲ್ಲರೂ ಉಸಿರು ಹಿಡಿದಿದ್ದರು, ಸದ್ದೆಂಬುದೇ ಇರಲಿಲ್ಲ. ಘಾಟು ಮೆಲ್ಲಗೆ ಹರಡಿತು. ಅಭಯನ ಕೈ ಮುಚ್ಚಳದ ಮೇಲೆ ನಿಂತಿತು. ಮೂಗು ಸುಕ್ಕಾಯಿತು. ಅವನು ಎದ್ದು, ಹಿಂದೆ ತಿರುಗಿಯೂ ನೋಡದೆ, ಓಡಿಹೋಗಿ ಮಂಚದ ಕೆಳಗೆ ಸೇರಿಕೊಂಡ.

"ಇವನು ಸದ್ದಿಗೆ ಓಡ್ತಿರ್ಲಿಲ್ಲ ಕಣೇ," ಎಂದರು ಮಹಾಂತಮ್ಮ, ಯಾರ ಮುಖವನ್ನೂ ನೋಡದೆ. "ನಾನು ಇಷ್ಟು ದಿನ ನಾಲಿಗೆಗೆ ತೇಯ್ತಾ ಕೂತೆ."

ದಾಕ್ಷಾಯಿಣಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ಶಾಂಭವಿ ಹೋಗಿ ಅಕ್ಕನ ಕೈ ಹಿಡಿದಳು. "ನಾಳೆನೇ ಕಿವಿ ಟೆಸ್ಟಿಗೆ ಶಿವಮೊಗ್ಗಕ್ಕೆ ಕರ್ಕೊಂಡು ಹೋಗೋಣ ಅಕ್ಕ. ನಾನೂ ಬರ್ತೀನಿ. ಡಾಕ್ಟರ ಹತ್ರ ನಾನೇ ಮಾತಾಡ್ತೀನಿ," ಎಂದಳು.

ಮಹಾಂತಮ್ಮ ಎದ್ದು ಬಚ್ಚಲಿಗೆ ಹೋಗಿ ಕೈ ತೊಳೆದರು. ಮೂಸಿ ನೋಡಿಕೊಂಡು ಸೋಪು ಹಾಕಿ ಮತ್ತೊಮ್ಮೆ ತೊಳೆದರು. ಬಂದು ಮಂಚದ ಪಕ್ಕ ಮೊಣಕಾಲೂರಿ ಬಗ್ಗಿ, ಮೊಮ್ಮಗನನ್ನು ಕರೆಯಲು ಬಾಯಿ ತೆರೆದವರು ಹಾಗೆಯೇ ಮುಚ್ಚಿಕೊಂಡರು. ಒದ್ದೆ ಕೈಯನ್ನು ಕತ್ತಲೆಯೊಳಗೆ ಚಾಚಿ, ಅವನು ಮೂಸಿ ನೋಡಲೆಂದು ಕಾದರು.